ಕಾರಣ ಹೇಳದವರು

ಫಾರಂನಲ್ಲಿ ಇದ್ದದ್ದು ಒಂದೇ ಮುಖ್ಯ ಪ್ರಶ್ನೆ: ‘ಕಳೆದ ಒಂದು ತಿಂಗಳಲ್ಲಿ ನೀವು ಮನೆಯಿಂದ ಐದು ಕಿಲೋಮೀಟರಿಗಿಂತ ದೂರ ಹೋದದ್ದು ಯಾವ ಯಾವ ಕಾರಣಕ್ಕೆ?’ ಬೆಂಗಳೂರಿನ ಹನ್ನೆರಡು ಸಾವಿರ ಮನೆಗಳಿಂದ ಅದನ್ನು ತುಂಬಿಸಿಕೊಂಡು ತಂದಿದ್ದರು. ಎಲ್ಲವನ್ನೂ ಓದಿ, ಒಂದೇ ಬಗೆಯ ಕಾರಣಗಳನ್ನು ಒಂದು ತಲೆಬರಹದ ಕೆಳಗೆ ಸೇರಿಸಿ ಪಟ್ಟಿ ಮಾಡಿಕೊಡುವುದು ನನ್ನ ಕೆಲಸ. ಕೆಲಸಕ್ಕೆ, ಆಸ್ಪತ್ರೆಗೆ, ಪರೀಕ್ಷೆಗೆ, ಕೋರ್ಟಿಗೆ, ಮದುವೆಗೆ, ಸಾವಿಗೆ, ಹೀಗೆ ನಲವತ್ತು ತಲೆಬರಹಗಳಾದವು. ಕೊನೆಗೆ ಸುಮಾರು ಎರಡು ಸಾವಿರ ಫಾರಂಗಳು ಎಲ್ಲಿಯೂ ಸೇರದೆ ಉಳಿದವು. ಅವುಗಳಲ್ಲಿ ಜನ ಬರೆಸಿದ್ದು ಹೀಗೆ: ‘ಸುಮ್ಮನೆ’. ‘ಸುಮ್ಮನೆ ಚಿಕ್ಕಮ್ಮನ ಮನೆಗೆ’. ‘ಏನಿಲ್ಲ, ಹಾಗೇ ನೋಡಿಕೊಂಡು ಬರೋಣ ಅಂತ’.

ನಾನು ಎರಡು ದಿನ ಆ ಕಟ್ಟನ್ನು ಮುಂದಿಟ್ಟುಕೊಂಡು ಕೂತಿದ್ದೆ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ಹಗಲು ಪೀಣ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ, ಸಂಜೆ ತೂಕಡಿಸುತ್ತ ಸಂಖ್ಯಾಶಾಸ್ತ್ರ ಕಲಿತವನು. ಇಲ್ಲಿ, ನಗರದ ಸಂಚಾರ ಯೋಜನೆಯ ಕಚೇರಿಯಲ್ಲಿ, ನನ್ನ ಸುತ್ತ ಇದ್ದವರೆಲ್ಲ ದೊಡ್ಡ ದೊಡ್ಡ ಸಂಸ್ಥೆಗಳಿಂದ ಬಂದ ಎಂಜಿನಿಯರುಗಳು. ‘ಸುಮ್ಮನೆ’ ಎಂಬ ತಲೆಬರಹ ಬರೆದುಕೊಟ್ಟರೆ, ಫಾರಂ ತುಂಬಿಸಿದವರು ಸರಿಯಾಗಿ ಕೇಳಿಲ್ಲ, ಈ ಚೆಲುವರಾಜು ಸರಿಯಾಗಿ ನೋಡಿಲ್ಲ ಎಂದುಕೊಳ್ಳುತ್ತಾರೆ ಅನ್ನಿಸಿತು. ಕಾರಣವೇ ಅಲ್ಲದ್ದನ್ನು ಕಾರಣಗಳ ಪಟ್ಟಿಯಲ್ಲಿ ಹೇಗೆ ಸೇರಿಸುವುದು? ಮೂರನೆಯ ದಿನ ನಲವತ್ತೊಂದನೆಯ ತಲೆಬರಹ ಬರೆದೆ: ‘ಕಾರಣ ಹೇಳದವರು’. ಯಾರೂ ಏನೂ ಕೇಳಲಿಲ್ಲ. ಅಚ್ಚುಕಟ್ಟಾದ ಕೆಲಸ ಎಂದು ಯೋಜನೆಯ ಮುಖ್ಯಸ್ಥೆ ನಿರುಪಮಾ ಮೇಡಂ ಹೊಗಳಿದರು. ಅಂದು ನನಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ.

ಆ ಪಟ್ಟಿಯ ಮೇಲೆ ಸರದಿ ವ್ಯವಸ್ಥೆ ನಿಂತಿತು. ಅದು ಹೇಗೆ ನಡೆಯುತ್ತದೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ನಗರದ ಯಾವ ರಸ್ತೆ ಯಾವ ಹೊತ್ತಿನಲ್ಲಿ ಎಷ್ಟು ವಾಹನ ತಾಳೀತು ಎಂಬುದನ್ನು ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಹಾಕುತ್ತದೆ. ಐದು ಕಿಲೋಮೀಟರಿಗಿಂತ ದೂರ ಹೋಗುವವರು ಮೊದಲೇ ಫೋನಿನಲ್ಲಿ ಕಾರಣ ಹೇಳಿ ಸರದಿ ಕೇಳಬೇಕು. ಪ್ರತಿ ಕಾರಣಕ್ಕೂ ಒಂದು ತೂಕವಿದೆ. ತೂಕ ಹೆಚ್ಚಿದ್ದವರಿಗೆ ಮೊದಲು ಸರದಿ. ಸರದಿ ಇಲ್ಲದಿದ್ದರೆ ಬಸ್ಸಿನ ಬಾಗಿಲು ತೆಗೆಯುವುದಿಲ್ಲ, ಮೆಟ್ರೋ ಗೇಟು ಬಿಡುವುದಿಲ್ಲ, ಸ್ಕೂಟರು ಸ್ಟಾರ್ಟೇ ಆಗುವುದಿಲ್ಲ. ತೂಕಗಳನ್ನು ಯಂತ್ರ ಕಲಿತದ್ದು ನಮ್ಮ ಫಾರಂಗಳಿಂದ: ಯಾವ ಕಾರಣದ ಪ್ರಯಾಣ ತಪ್ಪಿದರೆ ಎಷ್ಟು ತೊಂದರೆ ಎಂದು ಜನರೇ ಪ್ರತಿ ಕಾರಣದ ಎದುರಿಗೂ ಅಂಕ ಕೊಟ್ಟಿದ್ದರು. ‘ಕಾರಣ ಹೇಳದವರು’ ಎಂಬ ತಲೆಬರಹಕ್ಕೆ ಅಂಕ ಎಲ್ಲಿಂದ ಬರಬೇಕು? ಅದರ ತೂಕ ಸೊನ್ನೆಯಾಯಿತು.

ವ್ಯವಸ್ಥೆಯಿಂದ ಒಳ್ಳೆಯದಾಗಲಿಲ್ಲ ಎನ್ನಲಾರೆ. ಮೊದಲು ದಾಸರಹಳ್ಳಿಯ ನನ್ನ ಮನೆಯಿಂದ ಆಫೀಸಿಗೆ ಎರಡು ಗಂಟೆ ಹಿಡಿಯುತ್ತಿದ್ದದ್ದು ಮೂವತ್ತೈದು ನಿಮಿಷಕ್ಕೆ ಇಳಿಯಿತು. ಬಸ್ಸಿನಲ್ಲಿ ಸೀಟು ಸಿಗತೊಡಗಿತು. ಎದುರುಮನೆಯ ಯಜಮಾನರಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಎಂಟು ನಿಮಿಷದಲ್ಲಿ ಬಂತು. ಅವರು ಈಗಲೂ ಬೆಳಗ್ಗೆ ಗೇಟಿನ ಹತ್ತಿರ ನಿಂತು ನನಗೆ ಕೈಮುಗಿಯುತ್ತಾರೆ. ಆ ಕೈ ಕಂಡಾಗಲೆಲ್ಲ ತಕರಾರು ಎತ್ತಲು ಮನಸ್ಸಾಗುವುದಿಲ್ಲ.

ತಕರಾರು ನನ್ನ ಅಕ್ಕನದು. ದೇವೀರಮ್ಮ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದ್ದೂರಿನ ಕಡೆಯಿಂದ ನನ್ನನ್ನು ಕರೆತಂದು, ಗಾರ್ಮೆಂಟ್ಸಿನಲ್ಲಿ ಅಂಗಿಗಳ ದಾರದ ತುದಿ ಕತ್ತರಿಸುತ್ತ ನನ್ನನ್ನು ಓದಿಸಿದಳು. ಈಗ ಚಂದಾಪುರದಲ್ಲಿ ಮಗಳು ಪದ್ಮಳ ಜೊತೆ ಇದ್ದಾಳೆ. ನಗರದ ಈ ತುದಿ ನಾನು, ಆ ತುದಿ ಅವಳು. ಸರದಿ ಬರುವ ಮೊದಲು ಎರಡು ವಾರಕ್ಕೊಮ್ಮೆ ಶನಿವಾರ ಮೂರು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬರುತ್ತಿದ್ದಳು. ಬಂದರೆ ವಿಶೇಷವೇನೂ ಇರುತ್ತಿರಲಿಲ್ಲ. ಬಾಗಿಲ ಹತ್ತಿರ ಗೋಡೆಗೊರಗಿ ಕಾಲು ಚಾಚಿ ಕೂರುತ್ತಿದ್ದಳು. ನನ್ನ ಹೆಂಡತಿ ಯಶೋದಾ ಸೊಪ್ಪು ಬಿಡಿಸುತ್ತಿದ್ದರೆ ತಾನೂ ಒಂದು ಕಟ್ಟು ಎಳೆದುಕೊಳ್ಳುತ್ತಿದ್ದಳು. ನಾನು ಪೇಪರ್ ಓದುತ್ತಿರುತ್ತಿದ್ದೆ. ಅರ್ಧ ಗಂಟೆ ಯಾರೂ ಮಾತಾಡದೆ ಇದ್ದದ್ದೂ ಉಂಟು. ಸಂಜೆಯಾದರೆ “ಬತ್ತೀನಿ ಕಣ್ಲಾ” ಎಂದು ಎದ್ದು ಹೋಗುತ್ತಿದ್ದಳು.

ಸರದಿ ಬಂದ ಮೊದಲ ಶನಿವಾರವೇ ಫೋನ್ ಮಾಡಿದಳು.

“ಏನ್ಲಾ ಚೆಲುವ, ನಿಮ್ಮ ಮಿಷನ್ನು ನನ್ನ ಬ್ಯಾಡ ಅಂತದೆ?”

“ಏನಂತ ಹೇಳ್ದೆ ಅಕ್ಕ ಕಾರಣ?”

“ಏನಂತ ಯೋಳಾನ? ಸುಮ್ನೆ ತಮ್ಮನ ಮನೆಗೆ ಅಂದೆ. ಕಾರಣ ಸಾಕಾಗಲ್ಲ ಅಂತು. ಸಾಕಾಗ್ದೆ ಇರಕ್ಕೆ ಅದೇನು ಉಪ್ಪಾ?”

ನಾನು ನಕ್ಕೆ. ಸ್ವಲ್ಪ ದಿನದಲ್ಲಿ ಸರಿಹೋಗುತ್ತದೆ ಎಂದೆ. ಫೋನಿನಲ್ಲೇ ಮಾತಾಡೋಣ ಎಂದೆ. ಮಾತಾಡಿದೆವು ಕೂಡ. ಆದರೆ ಫೋನಿನಲ್ಲಿ ಗೋಡೆಗೊರಗಿ ಕೂರಲಾಗುವುದಿಲ್ಲ. ಊಟ ಆಯ್ತಾ, ಮಳೆ ಬಂತಾ, ಪದ್ಮ ಹೇಗಿದ್ದಾಳೆ, ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಅಲ್ಲಿಂದಾಚೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು. “ಇಡ್ಲಾ?” ಎನ್ನುತ್ತಿದ್ದಳು. “ಹೂಂ ಇಡು” ಎನ್ನುತ್ತಿದ್ದೆ.

ಆ ಹೊತ್ತಿಗೆ ನನ್ನನ್ನು ಸರದಿ ಕೇಂದ್ರದ ಆಗ್ನೇಯ ವಲಯದ ಮೇಲ್ವಿಚಾರಕನನ್ನಾಗಿ ಹಾಕಿದ್ದರು. ದೊಡ್ಡ ಹಾಲ್, ಗೋಡೆಯ ತುಂಬ ಪರದೆ. ಒಪ್ಪಿಗೆಯಾದ ಕೋರಿಕೆಗಳು ಹಸಿರಾಗಿ ಹರಿದು ಹೋಗುತ್ತವೆ, ಒಪ್ಪದವು ಬೂದುಬಣ್ಣಕ್ಕೆ ತಿರುಗಿ ಕೆಳಗೆ ಇಳಿಯುತ್ತವೆ. ತುರ್ತಿದ್ದರೆ ಮೇಲ್ವಿಚಾರಕನೇ ಗುಂಡಿ ಒತ್ತಿ ಅಂಥದ್ದನ್ನು ಬಿಡಬಹುದು, ಅದಕ್ಕೆ ಕೈ ಅನುಮತಿ ಎನ್ನುತ್ತಿದ್ದೆವು. ಚಂದಾಪುರ ನನ್ನ ವಲಯದಲ್ಲೇ ಇತ್ತು. ಎರಡು ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ಎಂಟಕ್ಕೆ ಅಕ್ಕನ ಕೋರಿಕೆ ಬರುತ್ತಿತ್ತು. ದೇವೀರಮ್ಮ, ಚಂದಾಪುರದಿಂದ ದಾಸರಹಳ್ಳಿ, ಕಾರಣ: ಸುಮ್ಮನೆ. ಎರಡು ಸೆಕೆಂಡಿಗೆ ಅದು ಬೂದಾಗುತ್ತಿತ್ತು.

ನನ್ನ ಪಕ್ಕದ ಮೇಜಿನ ಷಾಹೀನಾ ಇದನ್ನು ಕಂಡುಹಿಡಿದಿದ್ದಳು. “ಬಂತು ನೋಡಿ ಸಾರ್, ನಿಮ್ಮ ಅಕ್ಕೋರ ಅರ್ಜಿ. ಟೈಮ್ ಅಂದ್ರೆ ಟೈಮ್.”

“ಹೂಂ.”

“ಹೂಂ ಅಂದ್ರೆ? ಕೈ ಅನುಮತಿ ಒತ್ತಿ ಸಾರ್. ದಿನಕ್ಕೆ ಇಪ್ಪತ್ತು ಕೊಟ್ಟಿದ್ದಾರೆ ನಿಮಗೆ. ನೀವು ಒಂದನ್ನೂ ಖರ್ಚು ಮಾಡಲ್ಲ, ಉಪ್ಪಿನಕಾಯಿ ಹಾಕ್ತೀರಾ?”

“ಅದು ತುರ್ತಿಗೆ ಕಣಮ್ಮ. ನನ್ನ ಸ್ವಂತ ಅಕ್ಕನಿಗೆ ಒತ್ತಿದ್ರೆ ಏನರ್ಥ? ನಾಳೆ ಯಾರಾದ್ರೂ ಕೇಳಿದ್ರೆ?”

“ಯಾರು ಕೇಳ್ತಾರೆ? ವಾಯವ್ಯ ವಲಯದ ಸಾರ್ ಮೊನ್ನೆ ಅವರ ಭಾವಮೈದನ ಫ್ರೆಂಡ್ ಕ್ರಿಕೆಟ್‌ಗೆ ಹೋಗೋಕೂ ಒತ್ತಿದ್ರು.”

ಒಮ್ಮೆ ಗುಂಡಿಯ ಮೇಲೆ ಬೆರಳಿಟ್ಟದ್ದೂ ಇದೆ. ಪರದೆಯಲ್ಲಿ ಅಕ್ಕನ ಕೋರಿಕೆಯ ಪಕ್ಕದಲ್ಲೇ ಯಾರೋ ಡಯಾಲಿಸಿಸ್‌ಗೆ ಹೊರಟವರ ಕೋರಿಕೆ ಇತ್ತು. ಅದು ಹಸಿರಾಗಿಯೇ ಇತ್ತು, ನಾನು ಒತ್ತಿದ್ದರೂ ಹಸಿರಾಗಿಯೇ ಇರುತ್ತಿತ್ತು. ಆದರೂ ಬೆರಳು ತೆಗೆದೆ. ಸರಿಯಾದದ್ದನ್ನೇ ಮಾಡಿದೆ ಎಂದು ಆ ದಿನ ಮಧ್ಯಾಹ್ನದವರೆಗೂ ನನಗೆ ನಾನೇ ಹೇಳಿಕೊಂಡೆ. ಈಗ ಯೋಚಿಸಿದರೆ, ಸಿಕ್ಕಿಬೀಳುವ ಹೆದರಿಕೆಗೂ ಪ್ರಾಮಾಣಿಕತೆಗೂ ನನ್ನಲ್ಲಿ ಎಷ್ಟು ವ್ಯತ್ಯಾಸವಿತ್ತೋ ಗೊತ್ತಿಲ್ಲ.

ಜನ ಹೊಂದಿಕೊಳ್ಳುವುದರಲ್ಲಿ ನಮ್ಮ ಯಂತ್ರಕ್ಕಿಂತ ಚುರುಕಾಗಿದ್ದರು. ಸಮಾರಂಭಗಳಿಗೆ ತೂಕ ಚೆನ್ನಾಗಿತ್ತು, ಆಮಂತ್ರಣ ಪತ್ರಿಕೆಯ ಫೋಟೋ ಕಳಿಸಿದರೆ ಸಾಕು. ಹಾಗಾಗಿ ನಗರದ ತುಂಬ ಸಮಾರಂಭಗಳು ಶುರುವಾದವು.

“ರೀ, ಮೂಲೆಮನೆಯವರು ಈ ವರ್ಷ ನಾಲ್ಕನೇ ಸಲ ಗೃಹಪ್ರವೇಶ ಮಾಡ್ತಿದ್ದಾರೆ,” ಎಂದಳು ಯಶೋದಾ ಒಂದು ಸಂಜೆ.

“ಹೊಸ ಮನೇನಾ?”

“ಅದೇ ಮನೆ. ಈ ಸಲ ಹಿಂಬಾಗಿಲಿಂದ ಪ್ರವೇಶ ಮಾಡ್ತಾರಂತೆ.”

ನಕ್ಕೆವು. ಆಮೇಲೆ ಅವಳೇ ಕಾಫಿ ಲೋಟ ಕೆಳಗಿಟ್ಟು, “ನಾವೂ ಒಂದು ಸತ್ಯನಾರಾಯಣ ಪೂಜೆ ಅಂತ ಕಾರ್ಡು ಹೊಡೆಸೋಣ. ಅತ್ತಿಗೆ ಬರ್ಲಿ. ಪೂಜೆ ಮಾಡಿಯೇ ಬಿಡೋಣ ಬೇಕಾದ್ರೆ, ಸುಳ್ಳೂ ಆಗಲ್ಲ,” ಎಂದಳು.

ಪೂಜೆ ಮಾಡಿದೆವು. ಅಕ್ಕ ಬಂದಳು. ಆದರೆ ಸಮಾರಂಭದ ಸರದಿ ಅಂದರೆ ವಾಪಸಿನ ಸರದಿಯೂ ನಿಗದಿಯಾಗಿರುತ್ತದೆ, ಒಂದೂವರೆ ಗಂಟೆ ಅಷ್ಟೇ. ರೇಷ್ಮೆ ಸೀರೆ ಉಟ್ಟು ಬಂದವಳು ಪ್ರಸಾದ ತಿಂದು, ಊಟ ಮಾಡಿ, ಬೆವರು ಒರೆಸಿಕೊಂಡು, ಫೋನು ಕೂಗಿದ ತಕ್ಷಣ ಚಪ್ಪಲಿ ಮೆಟ್ಟಿಕೊಂಡಳು. ಬಸ್ ಸ್ಟಾಪಿನಲ್ಲಿ ಹೇಳಿದಳು:

“ಇನ್ನೊಂದ್ಸಲ ಹಿಂಗೆ ಕರೀಬ್ಯಾಡ ಕಣ್ಲಾ.”

“ಯಾಕಕ್ಕ?”

“ದೇವ್ರನ್ನ ಬಸ್ ಚಾರ್ಜ್‌ಗೆ ಅಡ ಇಟ್ಟಂಗಾಯ್ತದೆ. ತಮ್ಮನ್ನ ನೋಡಕ್ಕೆ ನಾನ್ಯಾಕ್ಲಾ ನಾಟ್ಕ ಆಡ್ಬೇಕು? ನಾನು ಕೇಳ್ತಾನೇ ಇರ್ತೀನಿ. ಎಂದೋ ಒಂದಿನ ಬಿಟ್ಟೀತು.”

ಅವಳು ಕೇಳುತ್ತಲೇ ಇದ್ದಳು. ಎರಡು ವರ್ಷ. ಆಮೇಲೆ ಜೂನ್ ತಿಂಗಳ ಒಂದು ಶನಿವಾರ ಎಂಟು ಗಂಟೆಗೆ ಪರದೆ ನೋಡುತ್ತಿದ್ದೆ. ಎಂಟೂ ಐದಾಯಿತು. ಒಂಬತ್ತಾಯಿತು. ಷಾಹೀನಾ ತಮಾಷೆ ಮಾಡಲಿಲ್ಲ. ನಾನು ಗಾಬರಿಯಿಂದ ಫೋನ್ ಮಾಡಿದೆ. ಅಕ್ಕ ಆರಾಮಾಗಿದ್ದಳು. ಹುರುಳಿಕಾಳು ಹಸನು ಮಾಡುತ್ತಿದ್ದೇನೆ ಎಂದಳು. ಸರದಿ ಕೇಳಲಿಲ್ಲವೇ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಂದಿನ ಸಲವೂ ಅವಳ ಕೋರಿಕೆ ಬರಲಿಲ್ಲ, ಅದರ ಮುಂದಿನ ಸಲವೂ ಇಲ್ಲ.

ಅದರ ಮರುವಾರ ನಾನು ದಾಖಲೆ ಕೋಣೆಗೆ ಹೋಗಿ ಹಳೆಯ ಕಟ್ಟನ್ನು ಹುಡುಕಿ ತೆಗೆದೆ. ಅದನ್ನು ನಿರುಪಮಾ ಮೇಡಂ ಮೇಜಿನ ಮೇಲಿಟ್ಟು, ಐದು ವರ್ಷದ ಹಿಂದೆ ನಾನು ಮಾಡಿದ್ದನ್ನು ಹೇಳಿದೆ. ಮೆಮೊ ಕೊಡುತ್ತಾರೆ, ಬಹುಶಃ ಕೆಲಸದಿಂದಲೇ ತೆಗೆಯುತ್ತಾರೆ ಎಂದುಕೊಂಡಿದ್ದೆ.

ಅವರು ಹತ್ತಿಪ್ಪತ್ತು ಫಾರಂ ಓದಿದರು. “ಎರಡು ಸಾವಿರ ಮನೆ ಅಂದ್ರೆ ಆರಕ್ಕೆ ಒಂದು ಮನೆ ಚೆಲುವರಾಜು. ಆಗಲೇ ಯಾಕೆ ಹೇಳಲಿಲ್ಲ?”

“ಕಾರಣ ಅಲ್ಲ ಅನ್ನಿಸ್ತು ಮೇಡಂ. ನೀವೆಲ್ಲ ನಗ್ತೀರಿ ಅಂತ.”

ಅವರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನಮ್ಮಮ್ಮ ಇರೋದು ಕೆಂಗೇರಿಯಲ್ಲಿ. ನಾನು ಹೋಗಿ ಏಳು ತಿಂಗಳಾಯ್ತು,” ಎಂದರು. ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಒಂದು ಗೆರೆ ತೋರಿಸಿದರು. “ಆದರೆ ಈಗ ಕಷ್ಟ ಬೇರೆಯೇ ಇದೆ. ತೂಕಗಳನ್ನ ಯಂತ್ರ ತಾನೇ ತಿದ್ದಿಕೊಳ್ತಾ ಹೋಗುತ್ತೆ. ಒಂದು ಕಾರಣಕ್ಕೆ ಸರದಿ ಕೊಡದಿದ್ದಾಗ ಜನ ಮತ್ತೆ ಮತ್ತೆ ಕೇಳಿದ್ರೆ ಅದು ಬೇಕಾದದ್ದು ಅಂತ ತೂಕ ಏರಿಸುತ್ತೆ, ಸೊನ್ನೆ ಇದ್ದದ್ದನ್ನ ಮಾತ್ರ ಏರಿಸೋಕಾಗಲ್ಲ. ಕೇಳೋದು ನಿಂತ್ರೆ, ಅದಿಲ್ಲದೆಯೂ ಇವರು ಬದುಕಿದ್ದಾರೆ ಅಂತ ಕಲಿಯುತ್ತೆ. ನೋಡಿ, ಕೇಳೋರ ಸಂಖ್ಯೆ ಹೇಗೆ ಇಳಿದಿದೆ.”

ಗೆರೆ ಬೆಟ್ಟದಿಂದ ಇಳಿದಂತೆ ಇಳಿದು ತಳದಲ್ಲಿ ಚಪ್ಪಟೆಯಾಗಿತ್ತು. ಅದರೊಳಗೆ ಎಲ್ಲೋ ನನ್ನ ಅಕ್ಕನೂ ಇದ್ದಳು. ಮೊದಲ ವರ್ಷವೇ ಹೇಳಿದ್ದರೆ ಆ ಗೆರೆ ಇನ್ನೂ ಎತ್ತರದಲ್ಲಿತ್ತು.

ಮೇಡಂ ದೊಡ್ಡ ಮನಸ್ಸು ಮಾಡಿದರು. ಮೇಲಿನವರ ಜೊತೆ ಜಗಳವಾಡಿ ನಾಲ್ಕು ಶನಿವಾರದ ಪ್ರಯೋಗಕ್ಕೆ ಒಪ್ಪಿಗೆ ತಂದರು. ನಾಲ್ಕು ಶನಿವಾರ ‘ಸುಮ್ಮನೆ’ ಎಂದವರಿಗೆಲ್ಲ ಸರದಿ, ವಾಪಸಿಗೆ ಹೊತ್ತಿನ ಮಿತಿಯೂ ಇಲ್ಲ. ಪ್ರತಿ ಶನಿವಾರ ಕನಿಷ್ಠ ಐವತ್ತು ಸಾವಿರ ಜನ ಕೇಳಿದರೆ ಅದನ್ನು ಶಾಶ್ವತವಾದ ಕಾರಣವೆಂದು ಸೇರಿಸುವುದು. ಅಷ್ಟು ಕೇಳದಿದ್ದರೆ ತಲೆಬರಹವನ್ನೇ ತೆಗೆದುಹಾಕುವುದು. ಎಲ್ಲರ ಫೋನಿಗೂ ಸುದ್ದಿ ಹೋಯಿತು.

ಮೊದಲ ಶನಿವಾರ ನಾವೆಲ್ಲ ಏಳು ಗಂಟೆಗೇ ಬಂದು ಕೂತಿದ್ದೆವು. ರಸ್ತೆಗಳು ತುಂಬಿ ಹೋದಾವು ಎಂದು ಹೆಚ್ಚಿನ ಆಂಬುಲೆನ್ಸ್‌ಗಳನ್ನು ಅಲ್ಲಲ್ಲಿ ನಿಲ್ಲಿಸಿದ್ದರು. ಅವುಗಳ ಚಿಂತೆಯಲ್ಲಿ ನನಗೆ ತಿಂಡಿ ಸೇರಿರಲಿಲ್ಲ. ಹನ್ನೊಂದರ ಹೊತ್ತಿಗೆ ಷಾಹೀನಾ ಕುರ್ಚಿ ಹಿಂದಕ್ಕೆ ತಳ್ಳಿದಳು.

“ನಾನೂರ ಆರು ಸಾರ್.”

“ಸಾವಿರವಾ?”

“ಬರೀ ನಾನೂರ ಆರು. ಅದರಲ್ಲೂ ಎಷ್ಟೋ ಜನ ಇದು ಸರಿಯಾಗಿ ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡಿದೋರು, ಒತ್ತಿಬಿಟ್ಟು ಹೊರಡಲೇ ಇಲ್ಲ.”

“ನೀನು ಎಲ್ಲಾದ್ರೂ ಹೋಗ್ಬಹುದಿತ್ತಲ್ಲಮ್ಮ, ರಜಾ ಹಾಕಿ.”

“ನಮ್ಮ ಫೂಫಿ, ಅದೇ ಸೋದರತ್ತೆ, ಅವರ ಮನೆಗೆ ಹೋಗ್ಬಹುದಿತ್ತು. ಆದ್ರೆ ಹೋಗಿ ಏನಂತ ಹೇಳ್ಲಿ ಸಾರ್? ಯಾಕೆ ಬಂದೆ ಅಂದ್ರೆ?”

ಎರಡನೆಯ ಶನಿವಾರ ಮುನ್ನೂರು ಚಿಲ್ಲರೆ. ಮೂರನೆಯದಕ್ಕೆ ಇನ್ನೂ ಕಡಿಮೆ. ಅಕ್ಕನ ಹೆಸರಿಗಾಗಿ ಕಣ್ಣು ನೋಯುವಷ್ಟು ನೋಡಿದೆ. ಬರಲಿಲ್ಲ. ಫೋನಿನಲ್ಲಿ ಹೇಳಿದರೆ, “ಈಗ ಯಾಕೆ ಬುಡ್ಲಾ, ಬಿಸ್ಲು,” ಎಂದಳು.

ನಾಲ್ಕನೆಯದು ಕೊನೆಯ ಶನಿವಾರ. ನಾನು ರಜಾ ಹಾಕಿದೆ. ಫೋನು ಬಾಯಿಯ ಹತ್ತಿರ ಹಿಡಿದು, “ಸುಮ್ಮನೆ, ಅಕ್ಕನ ಮನೆಗೆ,” ಎಂದೆ. ಹಸಿರಾಯಿತು. ಅದೆಷ್ಟು ಸುಲಭವಾಗಿ ಆಯಿತೆಂದರೆ, ನನಗೆ ಒಂದು ಕ್ಷಣ ಸಿಟ್ಟೇ ಬಂತು. ಬಸ್ಸು ಖಾಲಿ ರಸ್ತೆಯಲ್ಲಿ ಗಾಳಿಯಂತೆ ಹೋಯಿತು. ಒಂದು ಗಂಟೆಯೊಳಗೆ ಚಂದಾಪುರದಲ್ಲಿದ್ದೆ.

ಬಾಗಿಲು ತೆಗೆದವಳು ಅಕ್ಕನೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವಳ ಕೈ ಎದೆಗೆ ಹೋಯಿತು.

“ಯಾರಿಗ್ಲಾ?”

“ಏನಕ್ಕ?”

“ಯಾರಿಗೇನಾಯ್ತು? ಯಶೋದಾ ಉಸಾರಾಗವ್ಳಾ?”

“ಎಲ್ರೂ ಚೆನ್ನಾಗಿದ್ದಾರೆ ಕಣಕ್ಕ. ಸುಮ್ನೆ ಬಂದೆ.”

“ಸುಮ್ನೆ ಯಾರ್ಲಾ ಬತ್ತಾರೆ?” ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಕುತ್ತಿಗೆ ಮುಟ್ಟಿ ನೋಡಿದಳು. “ಡಾಕ್ಟ್ರು ಏನಾರ ಅಂದ್ರಾ? ಕೆಲ್ಸದಿಂದ ತಗದ್ರಾ? ನನ್ತಾವ ಮುಚ್ಚಿಡಬ್ಯಾಡ.”

“ಇಲ್ಲ ಅಕ್ಕ, ನಿನ್ನಾಣೆ ಏನೂ ಇಲ್ಲ. ಈ ಶನಿವಾರ ಬಿಟ್ಟಿದ್ದಾರೆ, ಫೋನಲ್ಲಿ ಹೇಳಿದ್ನಲ್ಲ. ನೋಡ್ಬೇಕು ಅನ್ನಿಸ್ತು, ಬಂದೆ.”

ಒಳಗೆ ಕರೆದು ಚಾಪೆ ಹಾಕಿದಳು. ನಾನು ಗೋಡೆಗೊರಗಿ ಕೂತೆ. ಅವಳು ಕೂರಲಿಲ್ಲ. ನೀರು ತಂದುಕೊಟ್ಟಳು, ನಾನು ಕುಡಿಯುವುದನ್ನೇ ನೋಡುತ್ತ ನಿಂತಳು. ಅಡುಗೆಮನೆಗೆ ಹೋದಳು. ಅಲ್ಲಿಂದ ಪದ್ಮಳಿಗೆ ಫೋನು ಮಾಡಿ ಮೆಲ್ಲಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು: “ಮಾವ ಬಂದವ್ನೆ. ಏನೋ ಆಗದೆ ಕಣವ್ವ, ಬಾಯಿ ಬುಡ್ತಿಲ್ಲ. ಕೆಲ್ಸ ಬುಟ್ಟು ಬಂದ್ಬುಡು.” ತಿರುಗಿ ಬಂದಾಗ ಕಣ್ಣು ಒದ್ದೆಯಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, “ನಾನು ಗಟ್ಟಿಯಾಗಿವ್ನಿ, ಯೋಳು,” ಎಂದಳು.

ಪಟ್ಟಿ ಮಾಡಿದವನು ನಾನೇ, ‘ಸುಮ್ಮನೆ’ ಎಂಬ ಮಾತನ್ನು ಅದರಿಂದ ತೆಗೆದುಹಾಕಿದವನು ನಾನೇ ಎಂದು ಅವಳಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಸೆರಗು ಸುತ್ತುವ ಆ ಬೆರಳುಗಳ ಮುಂದೆ ಅದನ್ನು ಹೇಳಿ ಏನು ಪ್ರಯೋಜನ? ಅವಳಿಗೆ ಬೇಕಾಗಿದ್ದದ್ದು ಒಂದು ಕಾರಣ.

“ಇಲ್ಲಿ ಬಸ್ ನಿಲ್ದಾಣದ ಗೇಟು ಕೆಟ್ಟಿತ್ತು ಅಕ್ಕ,” ಎಂದೆ. “ನೋಡ್ಕೊಂಡು ಬಾ ಅಂತ ಆಫೀಸಿಂದ ಕಳಿಸಿದ್ರು. ಹತ್ರಾನೇ ಅಲ್ವಾ ಅಂತ ಹಾಗೇ ಬಂದೆ.”

ಅಕ್ಕ ದೀರ್ಘವಾಗಿ ಉಸಿರು ಬಿಟ್ಟಳು. ಭುಜಗಳು ಇಳಿದವು.

“ಅಂಗಂತ ಮೊದ್ಲೇ ಯೋಳಕ್ಕೇನಾಗಿತ್ತು ನಿಂಗೆ ದೊಡ್ರೋಗ? ಜೀವ ಬಾಯಿಗೆ ಬಂದಿತ್ತು ನಂಗೆ!” ಎಂದು ಬೈಯುತ್ತ ಬೆನ್ನಿಗೊಂದು ಗುದ್ದಿದಳು. ಪದ್ಮಳಿಗೆ ಮತ್ತೆ ಫೋನು ಮಾಡಿ ಬರಬೇಡವೆಂದಳು. ಒಲೆ ಹಚ್ಚಿ ಟೀಗೆ ಇಟ್ಟು, ನನ್ನ ಎದುರಿಗೆ ಬಂದು ಮಂಡಿ ಹಿಡಿದುಕೊಂಡು ಕೂತಳು. ಈಗ ಅವಳ ಮುಖದಲ್ಲಿ ನಾನು ನೋಡಬೇಕೆಂದು ಬಂದ ನಗು ಇತ್ತು.

“ಗೇಟು ಸರ್ಯೋಯ್ತಾ?” ಎಂದು ಕೇಳಿದಳು.

“ಹೂಂ ಅಕ್ಕ.”

ಎದ್ದು ಟೀ ಸೋಸಿ ತಂದುಕೊಟ್ಟಳು. ಆಮೇಲೆ ನನ್ನ ಕಡೆ ನೋಡದೆ, ನೆಲದ ಮೇಲಿನ ಏನನ್ನೋ ಒರೆಸುತ್ತ ಕೇಳಿದಳು.

“ಇನ್ನೊಂದ್ಸಲ ಕೆಟ್ರೆ ನಿನ್ನೇ ಕಳಿಸ್ತಾರೇನ್ಲಾ?”

“ಹೂಂ, ನನ್ನೇ ಕಳಿಸ್ತಾರೆ,” ಎಂದೆ. “ಆ ಗೇಟು ಆಗಾಗ ಕೆಡ್ತಾ ಇರುತ್ತೆ ಅಕ್ಕ.”